ಕೋಲು, ಕಣ್ಣು ಮತ್ತು ಮೇಲೇಳದ ಬಲಗೈ

ಸೌಟಿಗೆ ದಾರವಿಲ್ಲ, ಪೊರಕೆಗೆ ದಾರವಿಲ್ಲ, ಎಷ್ಟೋ ಸಲ ಕೈತಪ್ಪಿ ಕಾಲ ಹೆಬ್ಬೆರಳ ಮೇಲೆ ಬೀಳುವ ಸುತ್ತಿಗೆಗೂ ದಾರವಿಲ್ಲ. ಹೀಗಿರುವಾಗ ತಯಾರಕರೇ ಒಂದು ವಸ್ತುವಿಗೆ ದಾರ ಕಟ್ಟಿ ಮಾರುತ್ತಾರೆಂದರೆ, ಅದು ಕೊಂಡವನ ಕೈ ತಪ್ಪಿಯೇ ತಪ್ಪುತ್ತದೆಂಬುದು ಅವರಿಗೆ ಮೊದಲೇ ಗೊತ್ತಿದೆ ಎಂದರ್ಥ. ಟಿ. ದಾಸರಹಳ್ಳಿಯ ನಮ್ಮ ಪುಟ್ಟ ಮನೆಗೆ ಮಗಳು ಚೈತ್ರ ತಂದಿಟ್ಟ ವಿಡಿಯೋ ಗೇಮ್ ಯಂತ್ರದ ಕೋಲಿಗೆ ಅಂಥದೊಂದು ಬೂದು ಬಣ್ಣದ ದಾರವಿತ್ತು, ಮಣಿಕಟ್ಟಿಗೆ ಬಿಗಿದುಕೊಳ್ಳಲು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಒಂದು ಚಿತ್ರ: ಒಬ್ಬ ಮನುಷ್ಯ, ಅವನ ಕೈಯಿಂದ ಹಾರಿದ ಕೋಲು, ಎದುರಿಗೆ ಬಿರುಕುಬಿಟ್ಟ ಟಿವಿ. ಆ ಮನುಷ್ಯನಿಗೆ ಮುಖವನ್ನು ಬರೆದಿರಲಿಲ್ಲ. ಆದರೂ ನನಗೆ ಗುರುತು ಸಿಕ್ಕಿತು.

ಐವತ್ತರ ಆಸುಪಾಸಿನವನಿಗೆ ಆಟದ ಕೋಲಿನ ಉಸಾಬರಿ ಏಕೆ ಎಂದು ನೀವು ಕೇಳುವುದು ನ್ಯಾಯವೇ. ಆಗ ನನ್ನ ಬಲಭುಜ ಮುಷ್ಕರ ಹೂಡಿತ್ತು. ವೈದ್ಯರು ಅದಕ್ಕೆ ಫ್ರೋಜನ್ ಶೋಲ್ಡರ್, ಅಂದರೆ ಹೆಪ್ಪುಗಟ್ಟಿದ ಭುಜ, ಎಂದರು. ಪೀಣ್ಯದ ಕಾರ್ಖಾನೆಯ ತಗಡಿನ ಸೂರಿನಡಿ ಇಡೀ ದೇಹ ಬೇಯುತ್ತಿರುವಾಗ ಒಂದು ಭುಜ ಮಾತ್ರ ನನ್ನನ್ನು ಕೇಳದೆ ಹಿಮಾಲಯಕ್ಕೆ ಹೊರಟುಹೋದದ್ದು ಹೇಗೆಂದು ಅವರೂ ಹೇಳಲಿಲ್ಲ. ಕೈ ಎದೆಯ ಮಟ್ಟಕ್ಕೆ ಬರುವುದು, ಅಲ್ಲಿ ನಿಂತು ಯೋಚಿಸುವುದು, ಹಿಂದಿರುಗುವುದು. ತಲೆ ಬಾಚುವುದಕ್ಕೆ ತೊಂದರೆಯಾಗಲಿಲ್ಲ, ಆ ತೊಂದರೆಯನ್ನು ನನ್ನ ಕೂದಲು ಬಹಳ ಹಿಂದೆಯೇ ನಿವಾರಿಸಿತ್ತು. ತೊಂದರೆ ಇದ್ದದ್ದು ಅಕ್ಕನ ಮಗಳು ಪಲ್ಲವಿಯ ಮದುವೆಯಲ್ಲಿ.

ನಮ್ಮ ಮನೆತನದಲ್ಲಿ ಧಾರೆಗೆ ಮುನ್ನ ವಧೂವರರ ನಡುವೆ ಹಿಡಿಯುವ ಅಂತರಪಟದ ಒಂದು ತುದಿ ಹುಡುಗಿಯ ಸೋದರಮಾವನದು, ಇನ್ನೊಂದು ತುದಿ ಹುಡುಗನ ಸೋದರಮಾವನದು. ಪುರೋಹಿತರು ಮಂಗಳಾಷ್ಟಕ ಮುಗಿಸುವತನಕ ಅದನ್ನು ಮುಖದ ಎತ್ತರಕ್ಕೆ ಎತ್ತಿ ಹಿಡಿದಿರಬೇಕು. ಪಲ್ಲವಿಗೆ ಇರುವ ಸೋದರಮಾವ ನಾನೊಬ್ಬನೇ. ಚಿಕ್ಕಂದಿನಲ್ಲಿ ಈ ಬಲಭುಜದ ಮೇಲೆಯೇ ಕೂತು, ನನ್ನ ಕಿವಿಗಳನ್ನು ಹ್ಯಾಂಡಲ್ಲಿನಂತೆ ತಿರುವುತ್ತಾ ಆಕೆ ಜಾಲಹಳ್ಳಿ ಕ್ರಾಸನ್ನೆಲ್ಲ ಸುತ್ತಿದ್ದಳು. ಆದರೆ ವೈಟ್‌ಫೀಲ್ಡ್‌ನಲ್ಲಿರುವ ನನ್ನ ಭಾವ, ಪಲ್ಲವಿಯ ಅಪ್ಪ, ವ್ಯವಹಾರಸ್ಥ. ನನ್ನ ಕೈಯನ್ನು ಒಮ್ಮೆ ಎತ್ತಿಸಿ, ಇಳಿಸಿ, "ಕಂಠಿ, ಬೇಜಾರ್ ಮಾಡ್ಕೋಬೇಡ. ನಿಮ್ಮ ಚಿಕ್ಕಪ್ಪನ ಮಗ ಶಿವು ಇದಾನಲ್ಲ, ಜಿಮ್ಮಿಗೆ ಹೋಗ್ತಾನೆ. ಅವನಿಗೆ ಹೇಳ್ಬಿಡಣ" ಎಂದರು. ಶಿವು ಒಳ್ಳೆಯವನು. ಆದರೆ ಅವನ ಹೆಸರು ಕೇಳಿದ ದಿನದಿಂದ ನನಗೆ ನಿದ್ದೆ ಬರಲಿಲ್ಲ.

ಫಿಜಿಯೋ ಮೇಡಂ ಕೊಟ್ಟ ವ್ಯಾಯಾಮಗಳನ್ನು ನಾನು ನೋವಿನ ನೆಪದಿಂದ ತಪ್ಪಿಸುತ್ತಿದ್ದುದು ಅವರಿಗೆ ಗೊತ್ತಾಗಿ, "ಮನೇಲಿ ಆ ಕೈ ಬೀಸೋ ವಿಡಿಯೋ ಗೇಮ್ ಇದ್ರೆ ಆಡಿ ಸಾರ್, ಆಟದಲ್ಲಿ ನೋವು ಮರ್ತೋಗತ್ತೆ" ಎಂದರು. ಅಲ್ಲಿಂದ ನಮ್ಮ ಬಂಧುವರ್ಗ ಎರಡು ಪಕ್ಷವಾಯಿತು. ಚೈತ್ರಳದು ಕೋಲಿನ ಪಕ್ಷ: ಕೋಲನ್ನು ಹಿಡಿದು ಬೀಸಿದರೆ ಟಿವಿಯೊಳಗಿನ ಗೊಂಬೆಯೂ ಬೀಸುತ್ತದೆ. ಭಾವನದು ಪ್ರತಿಸ್ಪರ್ಧಿ ಕಂಪನಿಯ ಹಳೆಯ ಯಂತ್ರ, ಕಣ್ಣಿನ ಪಕ್ಷ: ಕೈಯಲ್ಲಿ ಏನೂ ಹಿಡಿಯಬೇಕಿಲ್ಲ, ಟಿವಿಯ ಕೆಳಗೆ ಕೂತ ಕಪ್ಪು ಪಟ್ಟಿಯೊಂದು ನಿಮ್ಮ ಇಡೀ ದೇಹವನ್ನು ದಿಟ್ಟಿಸುತ್ತದೆ, ನಿಮ್ಮ ಅಂಗಾಂಗಗಳೇ ಉಪಕರಣ. ಮೂರನೆಯದೊಂದು ಕಂಪನಿ ತುದಿಯಲ್ಲಿ ಹೊಳೆಯುವ ಚೆಂಡಿರುವ ಕೋಲನ್ನೂ ಮಾಡಿದೆಯಂತೆ. ಚಿತ್ರದಲ್ಲಿ ನೋಡಿದರೆ ಆಯುಧಪೂಜೆಯಂದು ನಮ್ಮ ಕಾರ್ಖಾನೆಯಲ್ಲಿ ಸ್ಕ್ರೂಡ್ರೈವರಿಗೆ ನಿಂಬೆಹಣ್ಣು ಚುಚ್ಚಿಟ್ಟಂತಿತ್ತು. ಅದಕ್ಕೆ ನಮ್ಮಲ್ಲಿ ಅನುಯಾಯಿಗಳಿರಲಿಲ್ಲ.

ಅಳತೆಯ ಸಾಧನಗಳನ್ನೇ ಅಳೆದು, ಅವು ಸತ್ಯವಂತವೋ ಅಲ್ಲವೋ ಎಂದು ಷರಾ ಬರೆಯುವುದು ನನ್ನ ವೃತ್ತಿ. ಹಾಗಾಗಿ ಎರಡನ್ನೂ ವೈಜ್ಞಾನಿಕವಾಗಿ ತುಲನೆ ಮಾಡದೆ ಕೈ ಎತ್ತುವುದಿಲ್ಲವೆಂದು ಘೋಷಿಸಿದೆ. ಹೇಗೂ ಎತ್ತಲಾಗುತ್ತಿರಲಿಲ್ಲ.

ಮೊದಲು ಕೋಲು. ದಾರವನ್ನು ಬಿಗಿದೆ. ನಂಬಿಕೆ ಸಾಲದೆ ಅದರ ಮೇಲೊಂದು ಕರ್ಚೀಫನ್ನೂ ಕಟ್ಟಿದೆ. ಟಿವಿಗೆ ದುಪ್ಪಟಿ ಹೊದಿಸಬಹುದೇ ಎಂದು ಕೇಳಿದ್ದಕ್ಕೆ ಚೈತ್ರ, "ಹೊದಿಸಿದ್ರೆ ಆಟ ಹೆಂಗಪ್ಪ ಕಾಣತ್ತೆ?" ಎಂದಳು. ಟೆನಿಸ್ ಶುರುವಾಯಿತು. ಆಡುತ್ತಾ ಆಡುತ್ತಾ ನಾನೊಂದು ಮಹತ್ತರವಾದ ಶೋಧ ಮಾಡಿದೆ: ಕೋಲಿಗೆ ಬೇಕಾದದ್ದು ಕೈಯ ವೇಗ, ಎತ್ತರವಲ್ಲ. ಸೋಫಾದಲ್ಲಿ ಒರಗಿ, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಮಜ್ಜಿಗೆಹುಳಿಗೆ ಒಗ್ಗರಣೆ ಕಲಕುವಷ್ಟು ಮಣಿಕಟ್ಟನ್ನು ತಿರುವಿದರೆ ಸಾಕು, ಟಿವಿಯೊಳಗಿನ ನನ್ನ ಗೊಂಬೆ ಆಕಾಶಕ್ಕೆ ಕೈಯೆತ್ತಿ ಸರ್ವಿಸ್ ಹೊಡೆಯುತ್ತಿತ್ತು. ವಾರದೊಳಗೆ ನಾನು ಚಾಂಪಿಯನ್. ಪ್ರೇಕ್ಷಕರು ಎದ್ದು ನಿಂತರು, ನಾನು ಏಳಲಿಲ್ಲ.

"ಅಪ್ಪ, ಇದು ಚೀಟಿಂಗು. ಗೊಂಬೆ ಭುಜ ವಾಸಿಯಾಗ್ತಿದೆ, ನಿಮ್ದಲ್ಲ" ಎಂದಳು ಚೈತ್ರ.

ಮುಂದಿನ ಭಾನುವಾರ ಕಣ್ಣಿನ ಪರೀಕ್ಷೆಗೆ ಹೊರಟೆ. ಮೆಟ್ರೋದಲ್ಲಿ ಮೇಲಿನ ಹಿಡಿಕೆ ನನಗೆ ಎಟುಕದ ದ್ರಾಕ್ಷಿಯಾದ್ದರಿಂದ ಬಾಗಿಲ ಬಳಿಯ ಕಂಬವನ್ನು ಅಪ್ಪಿಕೊಂಡು ವೈಟ್‌ಫೀಲ್ಡ್ ತಲುಪಿದೆ. ಭಾವನ ಹಜಾರ ವಿಶಾಲವಾದದ್ದು. ಯಂತ್ರ ನನ್ನನ್ನು ಬಹಳ ಹೊತ್ತು ನೋಡಿತು. ಪರದೆಯ ಮೇಲೆ ಏನೂ ಮೂಡಲಿಲ್ಲ.

"ಅದು ನಿನ್ನನ್ನ ಮನುಷ್ಯ ಅಂತ ಇನ್ನೂ ಒಪ್ಕೊಂಡಿಲ್ಲ ಕಂಠಿ. ಸ್ವಲ್ಪ ಹಿಂದಕ್ ಹೋಗು" ಎಂದರು ಭಾವ.

ಹಿಂದೆ ಹೋದೆ. ಇನ್ನೂ ಹಿಂದೆ ಹೋದೆ. ಬಾಲ್ಕನಿಯ ಗಾಜಿನ ಬಾಗಿಲಿಗೆ ಬೆನ್ನು ತಾಗಿದಾಗ ಪರದೆಯ ಮೇಲೆ ಇಬ್ಬರು ಆಟಗಾರರು ಪ್ರತ್ಯಕ್ಷರಾದರು. ಒಬ್ಬ ನಾನು. ಇನ್ನೊಬ್ಬರು, ಎರಡು ತೋಳನ್ನೂ ಅಗಲಿಸಿ ಕ್ಲಿಪ್ಪು ಹಾಕಿ ಅಕ್ಕ ನನ್ನ ಹಿಂದಿನ ಬಾಲ್ಕನಿಯಲ್ಲಿ ಒಣಗಹಾಕಿದ್ದ ಭಾವನ ಅಂಗಿ. ತಡೆಯುವಷ್ಟರಲ್ಲಿ ಆಟ ಆರಂಭವಾಗಿಯೇ ಹೋಯಿತು. ನಾನು ಹಲ್ಲು ಕಚ್ಚಿ ಎದೆಮಟ್ಟಕ್ಕೆ ಕೈಯೆತ್ತಿದರೆ ಕಣ್ಣು ನಿರ್ದಾಕ್ಷಿಣ್ಯವಾಗಿ ಅಷ್ಟನ್ನೇ ತೋರಿಸಿತು. ಅತ್ತ ಗಾಳಿ ಬೀಸಿದಾಗಲೆಲ್ಲ ಅಂಗಿ ಅನಾಯಾಸವಾಗಿ ಎರಡೂ ಕೈಗಳನ್ನು ತಲೆಯಿಲ್ಲದ ತಲೆಯ ಮೇಲಕ್ಕೆ ಎತ್ತುತ್ತಿತ್ತು. ಅಂಗಿ ಗೆದ್ದಿತು. ಸೋಲಿನ ಅಂತರವನ್ನು ಇಲ್ಲಿ ಬರೆಯುವುದಿಲ್ಲ.

"ಅಂಗಿಗೇ ಹೇಳಿ ಬಿಡೋಣ್ವಾ ಅಂತರಪಟ ಹಿಡಿಯಕ್ಕೆ?" ಎಂದರು ಭಾವ. ಅಕ್ಕ ಅಡುಗೆಮನೆಯಿಂದಲೇ, "ಸುಮ್ನಿರ್ರೀ, ಮೊದಲೇ ಹೆದರ್ಕೊಂಡಿದಾನೆ" ಎಂದು ನನ್ನ ಮಾನ ಕಾಪಾಡುವ ನೆಪದಲ್ಲಿ ಅದನ್ನು ಇನ್ನಷ್ಟು ಕಳೆದಳು.

ತುಲನೆಯ ಸಾರಾಂಶ ಇಷ್ಟು. ಕೋಲು ಅಜ್ಜಿಯಂತೆ, ಮಗು ಬೆರಳು ಆಡಿಸಿದರೆ ಕುಣಿಯಿತೆಂದು ಊರಿಗೆಲ್ಲ ಹೇಳುತ್ತದೆ. ಕಣ್ಣು ಹೆಡ್‌ಮಾಸ್ಟರಂತೆ, ಇದ್ದದ್ದನ್ನು ಇದ್ದಷ್ಟೇ ನೋಡುತ್ತದೆ, ಆದರೆ ಹುಡುಗನಿಗೂ ಅಂಗಿಗೂ ವ್ಯತ್ಯಾಸ ಮಾಡುವುದಿಲ್ಲ. ಒಂದು ನನ್ನನ್ನು ವಂಚಿಸಿತು, ಇನ್ನೊಂದು ಅವಮಾನಿಸಿತು. ಭುಜ ಇಬ್ಬರ ಮಾತನ್ನೂ ಕೇಳಲಿಲ್ಲ.

ಹೊರಡುವಾಗ ಪಲ್ಲವಿ ಲಿಫ್ಟಿನವರೆಗೂ ಬಂದಳು. "ಮಾವ, ಆಗ್ದಿದ್ರೆ ಬಿಡಿ. ಶಿವು ಮಾವನೇ ಹಿಡೀಲಿ" ಎಂದಳು. ಅವಳ ಕಣ್ಣು ಮಾತ್ರ ಬೇರೆ ಹೇಳುತ್ತಿತ್ತು. ನಾನೇ ಹಿಡಿಯುತ್ತೇನೆ ಎಂದೆ. ಅವಳ ಮುಖ ಅರಳಿತು. "ಹಂಗಾದ್ರೆ ಎಷ್ಟು ಎತ್ತರ ಆಗತ್ತೋ ಅಷ್ಟು ಸಾಕು. ಬೀಳಿಸ್ಬೇಡಿ ಅಷ್ಟೇ."

ಬೀಳಿಸಬೇಡಿ! ನನ್ನಂಥವನಿಗೆ ಈ ಮಾತನ್ನು ಹೇಳಬಾರದು. ಅದುವರೆಗೆ ಕೈ ಏಳುವುದಿಲ್ಲವೆಂಬ ಒಂದೇ ಚಿಂತೆಯಿತ್ತು. ಈಗ ಎದ್ದ ಕೈಯಿಂದ ಪಟ ಜಾರುತ್ತದೆಂಬ ಇನ್ನೊಂದು ಸೇರಿತು. ಮೆಟ್ರೋ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಪರಿಹಾರ ಹೊಳೆಯಿತು.

ಮದುವೆ ಮಾದನಾಯಕನಹಳ್ಳಿಯ ಛತ್ರದಲ್ಲಿ. ಮುಹೂರ್ತಕ್ಕೆ ಮುಂಚೆ ನಾನು ಯಾರಿಗೂ ಕಾಣದಂತೆ, ಕೋಲಿನಿಂದ ಬಿಚ್ಚಿ ತಂದಿದ್ದ ಬೂದು ದಾರವನ್ನು ಜುಬ್ಬಾದ ತೋಳಿನೊಳಗೆ ಮಣಿಕಟ್ಟಿಗೆ ಬಿಗಿದು, ಅದರ ಇನ್ನೊಂದು ತುದಿಯನ್ನು ಅಂತರಪಟದ ಅಂಚಿಗೆ ಗಂಟು ಹಾಕಿದೆ. ಕೈ ಸೋತರೂ ಪಟ ಬೀಳದು. ಎದುರಿಗೆ ಹುಡುಗನ ಸೋದರಮಾವ, ವಿದ್ಯುತ್ ಕಂಬದಂಥ ಆಸಾಮಿ. ಅವರ ತುದಿ ಆಕಾಶದಲ್ಲಿ, ನನ್ನದು ಎದೆಮಟ್ಟದಲ್ಲಿ. ಪಟ ಜಾರುಬಂಡೆಯಂತೆ ಇಳಿಜಾರಾಯಿತು. ನನ್ನ ಪಕ್ಕದ ತಗ್ಗಿನಲ್ಲಿ ಹುಡುಗನಿಗೆ ಕಾಣಿಸದಿರಲೆಂದು ಪಲ್ಲವಿ ಮೊಣಕಾಲು ಮಡಿಸಿ ಕುಗ್ಗಿದಳು. ಅತ್ತ ಹುಡುಗನೂ ಕುಗ್ಗಿದ. ಮಂಗಳಾಷ್ಟಕ ಮುಗಿಯುವವರೆಗೂ ಇಬ್ಬರೂ ಬಸ್ಕಿ ಹೊಡೆಯುವ ಭಂಗಿಯಲ್ಲೇ ನಿಂತರು.

"ಗಟ್ಟಿಮೇಳ! ಗಟ್ಟಿಮೇಳ!"

ಪುರೋಹಿತರು ಪಟವನ್ನು ಮೇಲಕ್ಕೆ ಸೆಳೆದರು. ಕಂಬದವರು ಬಿಟ್ಟರು. ನಾನೂ ಬೆರಳು ಬಿಟ್ಟೆ, ದಾರ ಬಿಡಲಿಲ್ಲ. ಪಟದ ಜೊತೆ ನನ್ನ ಕೈ ಹೋಯಿತು, ಕೈಯ ಜೊತೆ ನಾನು ಹೋದೆ, ಹೋಗಿ ವಧೂವರರ ನಡುವೆ ನಿಂತೆ. ಕಣ್ಣು ಮುಚ್ಚಿ ಕಾತರದಿಂದ ಕೈಯೆತ್ತಿದ್ದ ಇಬ್ಬರ ಜೀರಿಗೆ-ಬೆಲ್ಲವೂ ಏಕಕಾಲಕ್ಕೆ ನನ್ನ ಬೋಳುತಲೆಯ ಮೇಲೆ ಬಿತ್ತು.

"ಬಿಡಿ ಸ್ವಾಮಿ, ಬಿಡಿ!" ಎಂದು ಪುರೋಹಿತರು ಎಳೆದರು.

"ಬಿಡಕ್ಕಾಗ್ತಿಲ್ಲ ಸ್ವಾಮಿ, ಕಟ್ಟಿದೆ!"

ವಾಲಗದ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ. ಪಲ್ಲವಿಗೆ ಮಾತ್ರ ಕೇಳಿಸಿತು. ಬಾಸಿಂಗ ಅಲ್ಲಾಡುವಂತೆ ನಗುತ್ತಾ, "ಮಾವ, ನಿಮ್ಮ ಕೈ ನೋಡ್ಕೊಳಿ!" ಎಂದಳು. ನೋಡಿದೆ. ಬಲಗೈ ಕಿವಿಯನ್ನು ದಾಟಿ, ನೆಟ್ಟಗೆ, ಛತ್ರದ ಸೂರನ್ನು ತೋರಿಸುತ್ತಿತ್ತು. ನೋವಾಗುತ್ತಿತ್ತು, ಬಹಳವೇ ಆಗುತ್ತಿತ್ತು, ಆದರೆ ಎದ್ದಿತ್ತು. ಭಾವ ಓಡಿಬಂದು ದಾರ ಸಡಿಲಿಸಿದರು. ಇನ್ನೊಂದು ಹಿಡಿ ಜೀರಿಗೆ-ಬೆಲ್ಲ ತರಿಸಿ, ಈ ಸಲ ನನ್ನನ್ನು ಶಿವು ಹಿಂದಿನಿಂದ ಭದ್ರವಾಗಿ ಹಿಡಿದುಕೊಂಡ ಮೇಲೆ, ಮದುವೆ ಸರಿಯಾದವರಿಗೇ ಆಯಿತು.

ಕೈತಪ್ಪೀತೆಂಬ ಭಯಕ್ಕೆ ದಾರ ಕಟ್ಟಿಕೊಳ್ಳುವ ನಾವು, ಬಿಡಬೇಕಾದ ಗಳಿಗೆಯೊಂದು ಬರುತ್ತದೆಂದು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಫಿಜಿಯೋ ಮೇಡಂ ಮದುವೆಯ ವಿಡಿಯೋ ನೋಡಿ, ಇದನ್ನು ಇನ್ನು ಯಾರಿಗೂ ಹೇಳಿಕೊಡಬೇಡಿ ಎಂದು ಕೇಳಿಕೊಂಡಿದ್ದಾರೆ. ದಾರ ಮತ್ತೆ ಕೋಲನ್ನು ಸೇರಿದೆ. ಎಷ್ಟು ತೊಳೆದರೂ ಬೆಲ್ಲದ ಅಂಟು ಪೂರ್ತಿ ಹೋಗದೆ, ಸಂಜೆಯ ಹೊತ್ತು ಅದಕ್ಕೆ ಇರುವೆಗಳು ಹತ್ತುತ್ತವೆ. ಹೊಸದು ತರಿಸೋಣ ಎನ್ನುತ್ತಾಳೆ ಚೈತ್ರ, ನಾನು ಬೇಡವೆಂದಿದ್ದೇನೆ. ನಿನ್ನೆ ಇರುವೆ ಕೊಡವುವಾಗ ಆ ಪುಸ್ತಿಕೆ ಸಿಕ್ಕಿತು. ಅದೇ ಮುಖವಿಲ್ಲದ ಮನುಷ್ಯ, ಅದೇ ಹಾರಿದ ಕೋಲು, ಅದೇ ಬಿರುಕುಬಿಟ್ಟ ಟಿವಿ. ಆದರೆ ಅವನ ಬಲಗೈ ಎಷ್ಟು ಮೇಲಕ್ಕೆ ಎದ್ದಿದೆ ಎಂಬುದನ್ನು ನಾನು ಮೊದಲು ಗಮನಿಸಿಯೇ ಇರಲಿಲ್ಲ.