ಕರಕಿ ಹಚ್ಚಿದ ದಂಡೆ

ಡೋಣಿ ಹೊಳೆಯ ನೀರು ಸವಳು. ದನ ಕೂಡ ಮೂಸಿ ಹಿಂದೆ ಸರಿಯುತ್ತದೆ. ಬಸವನ ಬಾಗೇವಾಡಿ ಕಡೆ ನನ್ನ ಸೋದರಮಾವನ ಹೊಲದಲ್ಲಿ, ಅದೇ ಹೊಳೆಯ ದಂಡೆಗೆ ಹತ್ತಿಕೊಂಡು ಒಂದು ಸಿಹಿನೀರಿನ ಬಾವಿ ಇತ್ತು. ಸುತ್ತಲಿನ ಮನೆಗಳವರೆಲ್ಲ ಕುಡಿಯುತ್ತಿದ್ದದ್ದು ಅದರ ನೀರನ್ನೇ. ಪ್ರತಿ ಮಳೆಗಾಲ ದಂಡೆ ಕುಸಿದು ಹೊಳೆ ಬಾವಿಯತ್ತ ಸರಿಯುತ್ತಿತ್ತು. ಅದನ್ನು ತಡೆಯುವ ಕೆಲಸ ಎಂಜಿನಿಯರ್ ಆದ ನನ್ನ ಪಾಲಿಗೇ ಬಂತು.

ಕಾಂಕ್ರೀಟ್ ಗೋಡೆ ಬೇಡವೆಂದು ಮೇಲಿನವರ ಜೊತೆ ಜಗಳ ತೆಗೆದವನು ನಾನೇ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಎಂಥ ಗೋಡೆಯನ್ನೂ ನೂಕಿ ಕೆಡವುತ್ತದೆ. ದಂಡೆಯನ್ನು ಇಳಿಜಾರು ಮಾಡಿ, ಬುಡಕ್ಕೆ ಕಲ್ಲು ಜೋಡಿಸಿ, ಮೀನು ಮೊಟ್ಟೆಯಿಡಲು ನಡುವೆ ಸಂದು ಬಿಟ್ಟೆವು. ಮೇಲಕ್ಕೆ ನಿಡಗುಂದಿ ಕಡೆಯ ಕಾಲುವೆ ದಂಡೆಯಿಂದ ಮಣ್ಣುಸಮೇತ ಕರಕಿ, ಅಂದರೆ ಗರಿಕೆ ಹುಲ್ಲು ತರಿಸಿ ಹಚ್ಚಿದೆವು. ಕರಕಿಯ ಬೇರು ಹಿಡಿದ ಮಣ್ಣನ್ನು ಸುಮ್ಮನೆ ಬಿಡುವುದಿಲ್ಲ.

ಅದಕ್ಕೇ ನಮ್ಮ ಸೀಮೆಯ ರೈತನಿಗೆ ಆ ಹುಲ್ಲು ಹುಟ್ಟಾ ವೈರಿ. ಮೊಣಕಾಲುದ್ದ ಅಗೆದು ಬೇರುಸಮೇತ ಕಿತ್ತು ಹಾಕುತ್ತಾರೆ. ಹೊಲದಲ್ಲಿ ಕರಕಿ ಕಂಡರೆ ಮಾನ ಹೋದಂತೆ. ಇದೆಲ್ಲ ಗೊತ್ತಿದ್ದೂ, ಹುಲ್ಲು ಹಚ್ಚುವಾಗ ಊರಲ್ಲಿರದಿದ್ದ ಮಾಮಾಗೆ ಒಂದು ಮಾತು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೋಡ ಕಟ್ಟಿದ ದಿನ ನೋಡಲು ಹೋದರೆ ದಂಡೆ ಬೋಳು. ಮಾಮಾ ಗುದ್ದಲಿ ಹಿಡಿದು, ಬೆವರೊರೆಸಿಕೊಳ್ಳುತ್ತ ನಗುತ್ತಿದ್ದರು.

“ನಿನ್ನ ಆಳುಗಳು ಮೈಗಳ್ಳರು ನೋಡ ಅಳಿಯಾ. ಕರಕಿ ಹಂಗ ಬಿಟ್ಟು ಹೋಗಿದ್ರು. ಎಂಟು ದಿನ ಅಗದೇನಿ, ಒಂದು ಎಳಿ ಉಳಿಸಿಲ್ಲ.”

“ಅದನ್ನ ನಾವ ಹಚ್ಚಿದ್ವಿರಿ ಮಾಮಾ, ಬಾವಿ ಉಳೀಲಿ ಅಂತ” ಎಂದು ಚೀರಿಬಿಟ್ಟೆ. ಹಿರಿಯರ ಮೇಲೆ ಹಾಗೆ ದನಿ ಏರಿಸಿದ್ದು ಅದೇ ಮೊದಲು. ಅವರ ಮುಖ ಇಷ್ಟಾಯಿತು.

ಬದುವಿನ ಮೇಲೆ ಒಣಗುತ್ತಿದ್ದ ಬೇರುಗಳನ್ನು ಇಬ್ಬರೂ ಬಾಚಿ ತಂದು ಮಣ್ಣಿಗೆ ಒತ್ತತೊಡಗಿದೆವು. ಜನ್ಮವೆಲ್ಲ ಕರಕಿ ಕಿತ್ತ ಕೈ ಅದು, ಈಗ ಅದನ್ನೇ ನೆಡುತ್ತಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ. ಅಗೆದು ಸಡಿಲಾದ ಎರೆ ನೀರು ಕುಡಿದು ಹೆಂಟೆ ಹೆಂಟೆಯಾಗಿ ಜಾರಿತು, ಕಲ್ಲುಗಳನ್ನೂ ಎಳೆದುಕೊಂಡು ಹೋಯಿತು. ಮೂರನೆಯ ಬೆಳಿಗ್ಗೆ ಬಾವಿಯ ಒಂದು ಮಗ್ಗುಲು ಒಡೆದು ಹೊಳೆ ಒಳಗೆ ನುಗ್ಗಿತು.

ಮಳೆ ನಿಂತ ಮೇಲೆ ಮಾಮಾ ಒಂದು ಕೊಡ ಸೇದಿ, ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗುಳಿದರು.

“ನಿಮಗ ಹೇಳದ ಇದ್ದದ್ದು ನನ್ನ ತಪ್ಪುರಿ” ಎಂದೆ. ಅವರು ಕೊಡದ ನೀರನ್ನು ನೆಲಕ್ಕೆ ಚೆಲ್ಲಿದರು. ದಾರಿಯಲ್ಲಿ ಹೆಣ್ಣುಮಕ್ಕಳು ನೀರಿಗೆಂದು ಖಾಲಿ ಕೊಡ ಹೊತ್ತು ಬರುತ್ತಿದ್ದರು. ಮಾಮಾ ನನ್ನ ತೋಳು ಹಿಡಿದರು.

“ನೀನ ಹೇಳು ಅಳಿಯಾ. ನನಗ ಬಾಯಿ ಬರೂದಿಲ್ಲ.”

ಆ ಹೆಣ್ಣುಮಕ್ಕಳಿಗೆ ಕಾಣದಂತೆ ಮಾಮಾ ಬಾವಿಯ ಉಳಿದ ಗೋಡೆಯ ಹಿಂದೆ ಹೋಗಿ ಕೂತುಬಿಟ್ಟರು.