ನಮ್ಮ ಭಾವ ಕೊಂಡ ಅಂಬಾಸಿಡರ್

ನಮ್ಮ ಭಾವ ಷಣ್ಮುಖಪ್ಪನವರನ್ನು ಜಿಪುಣ ಅಂದವರ ಬಾಯಿಗೆ ನಾನು ಬೀಗ ಹಾಕಲಾರೆ. ನಾನೇ ಎಷ್ಟೋ ಸಲ ಅಂದಿದ್ದೇನೆ. ಚನ್ನಗಿರಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ಆ ಮನುಷ್ಯ, ಮಾಲು ಕಟ್ಟಿ ಬಂದ ಹುರಿಯನ್ನೂ ಬಿಸಾಕದೆ ಉಂಡೆ ಸುತ್ತಿ ಇಡುತ್ತಿದ್ದರು. ಆದರೆ ನಮ್ಮಕ್ಕ ಸರ್ವಮಂಗಳಮ್ಮನ ವಿಷಯಕ್ಕೆ ಬಂದರೆ ಅವರು ಕೈ ಹಿಂದೆಳೆದದ್ದನ್ನು ನಾನು ಕಂಡಿಲ್ಲ. ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಎಂಬತ್ತನೇ ಇಸವಿಯಲ್ಲಿ ಅಕ್ಕನಿಗೆ ಹೃದಯದ ಕಾಯಿಲೆ ಶುರುವಾಯಿತು. ಹದಿನೈದು ದಿನಕ್ಕೊಮ್ಮೆ ದಾವಣಗೆರೆಗೆ ಹೋಗಬೇಕು. ಬಸ್ಸಿನಲ್ಲಿ ಹೋಗಿ ಬಂದರೆ ಎರಡು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. "ಇನ್ನೊಂದು ಸಲ ಎದೆ ಹಿಡಿದರೆ ಎರಡು ಗಂಟೆಯೊಳಗೆ ಇಲ್ಲಿರಬೇಕು, ತಡವಾದರೆ ನನ್ನ ಕೈಲಿ ಏನೂ ಇಲ್ಲ" ಅಂದರು ಡಾಕ್ಟರು. ಕಾರು ಕೊಳ್ಳಬೇಕು ಅಂತ ಭಾವ ಅವತ್ತೇ ತೀರ್ಮಾನಿಸಿದರು.

ಹೊಸ ಕಾರಿನ ಮಾತೇ ಇಲ್ಲ. ಹಳೆಯದು ಬೇಕು, ಅಕ್ಕ ಕಾಲು ಚಾಚಿ ಮಲಗುವಂತಿರಬೇಕು, ಪೆಟ್ರೋಲೂ ಕಮ್ಮಿ ಕುಡಿಯಬೇಕು! ಮೆಕ್ಯಾನಿಕ್ ಗೌಸ್‌ಪೀರನನ್ನು ಕರೆದುಕೊಂಡು ಎರಡು ತಿಂಗಳು ಅಲೆದೆವು. ಹೊನ್ನಾಳಿಯಲ್ಲಿ ಕಂಡ ಫಿಯೆಟ್ಟಿಗೆ ಖರ್ಚು ಕಮ್ಮಿ, ಆದರೆ ಹಿಂದಿನ ಸೀಟು ಇಕ್ಕಟ್ಟು. ನ್ಯಾಮತಿಯ ಹೆರಾಲ್ಡಿಗೆ ಬಾಗಿಲೇ ಮುಚ್ಚುತ್ತಿರಲಿಲ್ಲ. ಕೊನೆಗೆ ಜಗಳೂರಿನಲ್ಲಿ ಒಬ್ಬ ಎಂಜಿನಿಯರ್ ಸಾಹೇಬರು ಓಡಾಡಿದ ಅಂಬಾಸಿಡರ್ ಸಿಕ್ಕಿತು. ಭಾವ ಚಪ್ಪಲಿ ಬಿಟ್ಟು ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಮಲಗಿ, "ಸೊಕ್ಕೆ ಊರಿನವರೆಗೂ ಹೊಡಿ" ಅಂತ ಗೌಸ್‌ಪೀರನಿಗೆ ಹೇಳಿದರು. ಆ ರಸ್ತೆಯೋ, ದೇವರಿಗೇ ಪ್ರೀತಿ. ವಾಪಸ್ ಬಂದು ಎದ್ದು ಕೂತವರು, "ಇದೇ ಸಾಕು" ಅಂದರು.

"ಮಲಗಾಕೆ ಚಲೋ ಐತೆ ಸಾವ್ಕಾರ್ರೆ, ಆದ್ರೆ ಇದು ಕುಡಿಯಾಕೆ ನಿಂತ್ರೆ ನಿಮ್ಮ ಅಂಗಡೀನೇ ಕುಡಿದುಬಿಡ್ತೈತೆ" ಅಂದ ಗೌಸ್‌ಪೀರ್.

ಅವನು ಹೇಳಿದಂತೆಯೇ ಆಯಿತು. ಆಗ ಪೆಟ್ರೋಲಿನ ದರ ಏರುತ್ತಲೇ ಇತ್ತು. ಕೆಲವು ಟ್ಯಾಕ್ಸಿಯವರು ಗುಟ್ಟಾಗಿ ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದರು. ಭಾವನೂ ಗೌಸ್‌ಪೀರನ ಬೆನ್ನು ಹತ್ತಿ, ಸೀಮೆಎಣ್ಣೆಗೆ ಇನ್ನೊಂದು ಟ್ಯಾಂಕು ಇಡಿಸಿ, ಎರಡು ಟ್ಯಾಂಕಿಗೂ ಸೇರಿದ ಒಂದು ನಲ್ಲಿ ಹಾಕಿಸಿಕೊಂಡರು. ಅವನು ಮೂರು ಸಲ ಹೇಳಿದ: "ಪೆಟ್ರೋಲ್‌ನಾಗೆ ಶುರು ಮಾಡ್ರಿ, ಎಂಜಿನ್ ಕಾದ ಮ್ಯಾಲೆ ನಲ್ಲಿ ಸೀಮೆಎಣ್ಣೆಗೆ ತಿರುಗಿಸ್ರಿ. ಮನಿ ಒಂದು ಮೈಲಿ ಐತೆ ಅನ್ನೋವಾಗ ಮತ್ತೆ ಪೆಟ್ರೋಲ್‌ಗೆ ಬರ್ರಿ. ಸೀಮೆಎಣ್ಣೆ ಒಳಗಿಟ್ಟು ನಿಲ್ಲಿಸಿದ್ರೆ ಬೆಳಿಗ್ಗೆ ಏಳಂಗಿಲ್ಲ ಇದು."

ಒಂದು ವರ್ಷ ಭಾವ ಚಾಚೂ ತಪ್ಪದೆ ಹಾಗೇ ಮಾಡಿದರು. ಆಮೇಲೆ ಆ ಒಂದು ಮೈಲಿ ಅರ್ಧ ಮೈಲಿಯಾಯಿತು. ಅರ್ಧ ಮೈಲಿ ಹೋಗಿ ಬಸ್‌ಸ್ಟ್ಯಾಂಡ್ ಆಯಿತು, ಕೊನೆಗೆ ನಮ್ಮ ಬೀದಿಯ ತಿರುವಿಗೆ ಬಂತು. ಆದರೂ ಕಾರು ಹೇಗೋ ಏಳುತ್ತಿತ್ತು.

"ಭಾವ, ಒಂದು ಲೋಟ ಪೆಟ್ರೋಲ್ ಉಳಿಸಿ ಯಾವ ಗುಡ್ಡ ಕಡೀತೀರಿ?" ಅಂತ ರೇಗಿದ್ದೆ.

"ಉಳಿದಿದ್ರಾಗೆ ನಿಮ್ಮಕ್ಕನ್ನ ಇನ್ನೊಂದು ಸಲ ತೋರಿಸ್ಕೊಂಡು ಬರಬಹುದು ಕಣೋ" ಅಂದರು. ಇಂಥ ಮನುಷ್ಯನಿಗೆ ಏನು ಹೇಳೋಣ?

ಎಂಬತ್ತೆರಡರ ಚಳಿಗಾಲ. ಹಿಂದಿನ ದಿನ ಸಂತೇಬೆನ್ನೂರಿನ ಸಂತೆಗೆ ಹೋಗಿ ಬಂದ ಭಾವ ಮನೆ ಬಾಗಿಲಿಗೇ ಬಂದು ನಲ್ಲಿಯನ್ನು ಪೆಟ್ರೋಲಿಗೆ ತಿರುಗಿಸಿದ್ದರು. ಬೆಳಿಗ್ಗೆ ಎಂಟಕ್ಕೆ ಅಕ್ಕ ಎದೆ ಹಿಡಿದು ಕುಸಿದಳು. ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಭಾವ ಕೀಲಿ ತಿರುಗಿಸಿದರು. ಎಂಜಿನ್ ನರಳಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಬೀದಿ ತುಂಬಾ ಸೀಮೆಎಣ್ಣೆ ವಾಸನೆ.

ನಾನು ಟ್ಯಾಕ್ಸಿಗೆ ಓಡಿದೆ. ಇದ್ದ ಎರಡೂ ಟ್ಯಾಕ್ಸಿ ತ್ಯಾವಣಿಗೆಯ ಮದುವೆಗೆ ಹೋಗಿದ್ದವು. ಗೌಸ್‌ಪೀರನಿಗೆ ಹೇಳಿಕಳಿಸಿ ವಾಪಸ್ ಬಂದಾಗ ಬೀದಿಯವರೆಲ್ಲ ಸೇರಿ ಕಾರು ತಳ್ಳುತ್ತಿದ್ದರು. ಭಾವನೂ ಹೆಗಲು ಕೊಟ್ಟಿದ್ದರು. ಒಳಗಿನಿಂದ ಅಕ್ಕ, "ನೀವು ತಳ್ಳಬ್ಯಾಡ್ರಿ, ನಿಮಗೆ ಉಸಿರು ಹಿಡೀತೈತೆ" ಅಂದಳು. ನನ್ನ ಮೈಯೆಲ್ಲ ಉರಿದುಹೋಯಿತು. "ಹಾಳು ಜಿಪುಣಾ, ನಮ್ಮಕ್ಕನ್ನ ಕೊಲ್ತಾ ಇದೀಯಲ್ಲೋ!" ಅಂತ ನಡುಬೀದಿಯಲ್ಲಿ ಕೂಗಿದೆ. ಭಾವ ತಲೆ ಎತ್ತಲಿಲ್ಲ, ತಳ್ಳುತ್ತಲೇ ಇದ್ದರು.

ಗೌಸ್‌ಪೀರ್ ಓಡಿಬಂದು ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ, ಒಳಗಿನ ಸೀಮೆಎಣ್ಣೆ ಚೆಲ್ಲಿ ಪೆಟ್ರೋಲ್ ಸುರಿದ. ಎಂಜಿನ್ ಹೊತ್ತಿಕೊಳ್ಳುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಭಾವ ಹಾರಿ ಮುಂದೆ ಕೂತರು. ನಾನು ಹಿಂದೆ ಕೂತು ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಊರಿನ ಕೊನೆಯ ಮನೆ ದಾಟುವ ಮೊದಲೇ ಅಕ್ಕನ ಉಸಿರು ನಿಂತಿತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ, ಎದೆಗೆ ಕಿವಿಯಿಟ್ಟು ಕೇಳಿದೆ. ಬಾಯಿ ತುಂಬಾ ಬೈಗುಳ ಬಂದಿತ್ತು ನನಗೆ. ಭಾವ ಸ್ಟೀರಿಂಗಿನ ಮೇಲೆ ಬಗ್ಗಿ, ಒಂದೊಂದೇ ಗುಂಡಿ ತಪ್ಪಿಸಿ ಓಡಿಸುತ್ತಿದ್ದರು.

"ಮಂಗಳಾ, ಕುಲುಕ್ತೈತೇನೆ?" ಅಂದರು. ಸ್ವಲ್ಪ ಹೊತ್ತು ಕಾದು, "ನೀನಾದ್ರೂ ಹೇಳೋ, ಕುಲುಕ್ತೈತೇನು ಅವಳಿಗೆ?"

"ಇಲ್ಲ ಭಾವ," ಅಂದೆ. "ಈಗ ಕಣ್ಣು ಹತ್ತೈತೆ ಅಕ್ಕಂಗೆ. ನಿಧಾನ ನಡೀರಿ."