ಗೋಡೆಗೆ ಕಿವಿಯಿಟ್ಟವರು

ಅವರ ಬಲಗೈ ನಡುಬೆರಳಿನ ಗೆಣ್ಣು ಗೋಲಿಯಂತೆ ಉಬ್ಬಿ, ಸುಣ್ಣ ತಿಂದು ಬೆಳ್ಳಗಾಗಿತ್ತು. ಹರಿಹರದಿಂದ ಬೆಳಗಿನ ರೈಲಿಗೆ ಬರುತ್ತಿದ್ದ ನಮ್ಮ ಬಣ್ಣದ ಮೇಸ್ತ್ರಿ, ಡಬ್ಬ ಬಿಚ್ಚುವ ಮೊದಲು ಆ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. ಹಳೇ ಸುಣ್ಣ ಕೆರೆದು, ತೊಳೆದು, ಬಿರುಕಿಗೆ ಮೆತ್ತಿ, ಮರಳುಕಾಗದದಿಂದ ಉಜ್ಜಿ, ಕೊನೆಗೆ ಅಂಗೈಯಿಂದ ಸವರಿ ನೋಡುವರು. ಬಣ್ಣ ಹಚ್ಚುವ ಹೊತ್ತಿಗೆ ಮನೆಯವರ ತಾಳ್ಮೆ ಮುಗಿದಿರುತ್ತಿತ್ತು.

ಐವತ್ತರ ದಶಕದ ಕೊನೆ. ದಾವಣಗೆರೆಯ ನಮ್ಮ ಮನೆಯಲ್ಲಿ ಮಾರನೆಯ ದಿನ ನನ್ನ ಮೂರು ತಿಂಗಳ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಪಡಸಾಲೆಯ ಒಂದು ಗೋಡೆ ಮಾತ್ರ ಬಾಕಿ. ಅದಕ್ಕೆ ಹತ್ತಿದ ತೊಲೆಗೇ ತೊಟ್ಟಿಲು ಕಟ್ಟುವುದು ಮನೆಯ ಪದ್ಧತಿ. ಆಗಲೇ ಕಟ್ಟಿಸಿಯೂ ಆಗಿತ್ತು.

ಮೇಸ್ತ್ರಿ ತಟ್ಟಿದರು. ಮತ್ತೆ ತಟ್ಟಿದರು. "ಗಾರೆ ಒಳಗ ಬಿಟ್ಟೈತ್ರಿ ಸಾವ್ಕಾರ್ರೆ. ಕೆಡವಬೇಕು. ತೊಟ್ಲು ತೆಗಸ್ರಿ."

"ನಿನ್ನ ಕರೆಸಿದ್ದು ಬಣ್ಣ ಹಚ್ಚಾಕೋ, ಮನೆ ಕೆಡವಾಕೋ?" ಎಂದರು ಮಾವನವರು. "ಕಟ್ಟಿದ ತೊಟ್ಲು ಬಿಚ್ಚಂಗಿಲ್ಲ. ಮೇಲೊಂದು ಕೈ ಹಚ್ಚಿ ಹೋಗು."

"ನನ್ನ ಕೈಲಿ ಆಗದಿಲ್ರಿ."

"ನಿಟ್ಟುವಳ್ಳಿಯಾಗ ನಿನ್ನಂಥೋರು ಹತ್ತು ಮಂದಿ ಅದಾರ."

"ಕರೆಸ್ರಿ. ಅವ್ರೂ ಬಡಿದು ನೋಡ್ಲಿ." ಕುಂಚವನ್ನು ಡಬ್ಬದ ಮೇಲೆ ಅಡ್ಡ ಇಟ್ಟು, ಬಾಗಿಲ ಮರೆಯಲ್ಲಿದ್ದ ನನ್ನತ್ತ ತಿರುಗಿದರು. "ಅವ್ವಾರೆ, ನೀವಾರ ಒಮ್ಮೆ ಕೇಳ್ರಿ."

ಮಾವನವರ ಎದುರು ಅದುವರೆಗೆ ಬಾಯಿ ಬಿಟ್ಟವಳಲ್ಲ ನಾನು. ಹೋಗಿ ತಟ್ಟಿದೆ. ಕೆಳಗೆ ಕಲ್ಲಿನಂತಿದ್ದ ಗೋಡೆ ತೊಟ್ಟಿಲ ಬಳಿ ಖಾಲಿ ಡಬ್ಬಿಯಂತೆ ಸದ್ದು ಮಾಡಿತು. ತೊಟ್ಟಿಲ ಕೊಂಡಿ ಕಳಚತೊಡಗಿದೆ.

"ಏನವ್ವಾ ಇದು?"

ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ಮೆಲುದನಿಯಲ್ಲೇ, "ಗೋಡೆ ಪೊಳ್ಳೈತ್ರಿ ಮಾವಾರೆ" ಎಂದೆ.

ತೊಟ್ಟಿಲು ಆಚೆ ಹೋದ ಮೇಲೆ ಮೇಸ್ತ್ರಿ ಬಿರುಕಿಗೆ ತಗಡು ತೂರಿಸಿ ಒಮ್ಮೆ ಮೀಟಿದರು. ಬಾಗಿಲಷ್ಟಗಲದ ಗಾರೆ ಧೊಪ್ಪನೆ ಬಿತ್ತು. ಧೂಳು ಅಡಗಿದಾಗ, ತೊಟ್ಟಿಲು ತೂಗುತ್ತಿದ್ದ ಜಾಗದಲ್ಲಿ ಮೊಣಕಾಲೆತ್ತರದ ರಾಶಿ. ಮಾವನವರು ತೊಲೆಯ ಬರಿದಾದ ಕೊಂಡಿಗಳನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ, ಮೇಸ್ತ್ರಿಗೆ ತಾವೇ ನೀರು ತಂದರು.

ಮರುದಿನ ಇಟ್ಟಿಗೆ ಕಾಣುವ ಗೋಡೆಯೆದುರೇ ಮಗಳಿಗೆ ಹೆಸರಿಟ್ಟೆವು. "ಯಾಕ್ರಿ, ಗ್ವಾಡೆ ಹಿಂಗೈತೆ?" ಎಂದು ಬೀಗರು ಕೆಣಕಿದರೆ ಮಾವನವರು "ಗಟ್ಟಿ ಐತೆ" ಎಂದಷ್ಟೇ ಹೇಳಿದರು.

ಕೆಲವು ವರ್ಷಗಳ ಮೇಲೆ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂತು. ಮಗಳನ್ನು ಕರೆದುಕೊಂಡು ಹರಿಹರಕ್ಕೆ ಹೋದೆ. ಹೊಳೆ ದಂಡೆಯ ಎರಡು ಕೋಣೆಯ ಮನೆ. ಗೋಡೆಗಳನ್ನು ಮೇಸ್ತ್ರಿ ಕೆರೆದು, ಮೆತ್ತಿ, ಉಜ್ಜಿ ನುಣುಪು ಮಾಡಿದ್ದರು. ಬಣ್ಣ ಹಚ್ಚಲು ಮಾತ್ರ ಅವರಿಗೆ ಪುರುಸೊತ್ತಾಗಿರಲಿಲ್ಲ. ಅಳುವ ಹೆಂಗಸರ ಹಿಂದೆ ನಿಂತು, ಯಾರಿಗೂ ಕಾಣದಂತೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ.

ಗಟ್ಟಿ ಇತ್ತು.